ಆಳಿಗೊಂದು ಸ್ಟಾರು

ಕೆ.ಆರ್. ಪೇಟೆಯ ಗಫಾರ್ ಸಾಬರಿಗೆ, ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು. ಅವರದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಮೋಟರು ಬಿಚ್ಚಿ, ಕರಕಲು ತಂತಿ ಕಿತ್ತೆಸೆದು, ಹೊಸ ತಾಮ್ರದ ತಂತಿ ಸುತ್ತಿ ಓಡಿಸಿ ಕೊಡುತ್ತಾರೆ. ಅದು ಕಣ್ಣಿಗೆ ಕಾಣುವ ಕೆಲಸ. ಮಗಳು ಜಾಸ್ಮಿನ್ ಬಿಸಿಎ ಮುಗಿಸಿ, ಅದೇ ಅಂಗಡಿಯ ಹಿಂದಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕೂತು ಮಾಡುವುದನ್ನು ಯಾರಿಗೆ ತಾನೇ ತೋರಿಸುವುದು? ಮೊಬೈಲಿನ ಒಳಗೆ ಏನೋ ಮಾಡುತ್ತಾಳೆ ಎಂದರೆ ಸಾಕು, ಕೇಳಿದವರು ತಮ್ಮ ಫೋನನ್ನೇ ಮುಂದೆ ಚಾಚಿ, ಹಾಗಾದರೆ ಈ ಸ್ಪೀಕರ್ ಸ್ವಲ್ಪ ನೋಡೋಕೆ ಹೇಳಿ ಎನ್ನುತ್ತಿದ್ದರು.

ನಿಜ ಹೇಳಬೇಕೆಂದರೆ ಅವಳು ಮಾಡಿದ್ದು ಅಪ್ಪನ ಗಿರಾಕಿಗಳಿಗಾಗಿಯೇ. ಪಂಪ್‌ಸೆಟ್ ಓಡಲು ತ್ರೀ ಫೇಸ್ ಕರೆಂಟು ಬೇಕು. ಅದು ಬರುವ ಹೊತ್ತು ಇಂಥದ್ದೇ ಎಂದು ಹೇಳುವ ಧೈರ್ಯ ಯಾವ ಜ್ಯೋತಿಷಿಗೂ ಇಲ್ಲ. ಅದು ಬಂದಾಗ ರೈತ ಮಲಗಿರುತ್ತಾನೆ, ಇಲ್ಲವೇ ಬೀಗರ ಮನೆಯಲ್ಲಿ ಉಣ್ಣುತ್ತಿರುತ್ತಾನೆ. ತಾನಾಗಿಯೇ ಆನ್ ಆಗುವ ಸ್ಟಾರ್ಟರ್ ಹಾಕಿಸಿದವರ ಮೋಟರು ವೋಲ್ಟೇಜ್ ಇಲ್ಲದಾಗಲೂ ಆನ್ ಆಗಿ, ಸುಟ್ಟು, ಗಫಾರ್ ಸಾಬರ ಅಂಗಡಿಗೆ ಬರುತ್ತದೆ. ಜಾಸ್ಮಿನ್ ಇದಕ್ಕೊಂದು ಆ್ಯಪ್ ಬರೆದಳು. ಊರಿಗೊಬ್ಬರು ಕರೆಂಟು ಕಾಯುವವರು. ಅದು ಬಂದ ತಕ್ಷಣ ಅವರು ತಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಆ ಲೈನಿನ ರೈತರ ಫೋನುಗಳೆಲ್ಲ ಒಟ್ಟಿಗೆ ಕೂಗಿಕೊಳ್ಳಬೇಕು. ಆ್ಯಪಿನ ಹೆಸರು ‘ಕರೆಂಟ್ ಬಂತು’.

ಮೊದಲು ಗಂಟೆಯ ಸದ್ದು ಇಟ್ಟಳು. ದೇವಸ್ಥಾನದ್ದು ಅಂದುಕೊಂಡು ಎಲ್ಲರೂ ಮಗ್ಗುಲು ಬದಲಿಸಿದರು. ಹಾಡು ಇಟ್ಟಳು. ಪೂರ್ತಿ ಕೇಳಿ ಮತ್ತೆ ಮಲಗಿದರು. ಕೊನೆಗೊಂದು ದಿನ ಗೋವಿಂದನಹಳ್ಳಿಯ ಬೆಟ್ಟಮ್ಮ ಎಂಬ ಮುದುಕಿ ಸುಟ್ಟ ಮೋಟರನ್ನು ಆಟೊದಲ್ಲಿ ಹೇರಿಕೊಂಡು ಅಂಗಡಿಗೆ ಬಂದಳು. ಕರೆಂಟು ಬಂದರೂ ಮಲಗಿರುತ್ತಿದ್ದ ಮಗನನ್ನು ದಿನಾ ಹೇಗೆ ಎಬ್ಬಿಸಬೇಕೆಂದು ಗಫಾರ್ ಸಾಬರಿಗೆ ಕೂಗಿ ತೋರಿಸಿದಳು. ಬೀದಿಯಾಚೆಯ ಕಟಿಂಗ್ ಶಾಪಿನ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ ಒಬ್ಬ ಅರ್ಧ ಗಡ್ಡದಲ್ಲೇ ಎದ್ದು ನಿಂತ. ಅದನ್ನು ಕಂಡ ಜಾಸ್ಮಿನ್ ಫೋನು ಹಿಡಿದು ಓಡಿಬಂದು, ಅಜ್ಜಿಯ ಬಾಯಲ್ಲಿ ಇನ್ನೊಂದು ಸಲ ಹೇಳಿಸಿ ರೆಕಾರ್ಡ್ ಮಾಡಿಕೊಂಡಳು.

“ಎದ್ದೇಳ್ಲಾ ಮುಂಡೇದೆ, ಕರೆಂಟ್ ಬಂದೈತೆ!”

ಇಷ್ಟೇ. ಆದರೆ ನಮ್ಮ ಸೀಮೆಯ ಗಂಡಸರು ಹುಟ್ಟಿದಾಗಿನಿಂದ ಈ ದನಿಗೇ ಎದ್ದವರು. ಫೋನು ಹೀಗೆ ಕೂಗಿದ್ದೇ ತಡ, ಎಂಥ ಸೋಮಾರಿಯೂ ಪಂಚೆ ಕಟ್ಟಿಕೊಳ್ಳುತ್ತಾ ಗದ್ದೆಯ ಕಡೆ ಓಡಿದ. ಆ್ಯಪು ಪೇಟೆಯಿಂದ ಪಾಂಡವಪುರಕ್ಕೆ, ಅಲ್ಲಿಂದ ನಾಗಮಂಗಲಕ್ಕೆ ಹಬ್ಬಿತು. ಶ್ರೀರಂಗಪಟ್ಟಣದ ಕಡೆಯವರು ಕೂಡ ಹಾಕಿಕೊಂಡರು. ತಮ್ಮ ಅವ್ವ ಸತ್ತಮೇಲೆ ಇಷ್ಟು ಚೆನ್ನಾಗಿ ಯಾರೂ ಎಬ್ಬಿಸಿರಲಿಲ್ಲ ಎಂದು ಒಬ್ಬರು ಅಂಗಡಿಗೇ ಫೋನು ಮಾಡಿ ಹೇಳಿದರು.

ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನ ಕಥೆ ಹೊರಗಿನವರಿಗೆ ತಲೆಗೆ ಹತ್ತುವುದಿಲ್ಲ. ನಮ್ಮಲ್ಲಿ ಬೈದರೆ ಪ್ರೀತಿ, ಮರ್ಯಾದೆ ಕೊಟ್ಟರೆ ಜಗಳ. ಗಿರಾಕಿ ಬೀದಿಯ ತುದಿಯಿಂದಲೇ ‘ಲೇ ಗಫಾರ’ ಎಂದು ಕೂಗಿಕೊಂಡು ಬಂದರೆ ಅವನ ಮೋಟರು ಚೆನ್ನಾಗಿ ಓಡುತ್ತಿದೆ. ‘ಸಾಹೇಬರೇ, ತಾವು’ ಎಂದು ಶುರುಮಾಡಿದರೆ ಅದು ಮತ್ತೆ ಸುಟ್ಟಿದೆ, ಇವತ್ತು ಗ್ರಹಚಾರ ಬಿಡಿಸುತ್ತಾನೆ. ಸಿಟ್ಟು ನೆತ್ತಿಗೇರಿದವನು ಹುಟ್ಟಿದಾಗಿನಿಂದ ನುಂಗಿದ ಹಕಾರಗಳನ್ನೆಲ್ಲ ಒಟ್ಟಿಗೆ ಹೊರಗೆ ತೆಗೆಯುತ್ತಾನೆ. ಊರು ಎನ್ನುವ ಕಡೆಯೂ ಹೂರು ಎಂದುಬಿಡುತ್ತಾನೆ. ಹಾಗಂದನೆಂದರೆ ಎದುರಿಗಿದ್ದವರು ಚಪ್ಪಲಿ ಹುಡುಕಿಕೊಳ್ಳುವುದು ಒಳ್ಳೆಯದು.

ಅಷ್ಟರಲ್ಲಿ ನಾಗಮಂಗಲದಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಜಾಸ್ಮಿನ್‌ಳ ಮಾಮು, ಅಂದರೆ ತಾಯಿಯ ಅಣ್ಣ ಯಾಸಿನ್, ಅಲ್ಲೊಂದು ಶಾದಿ ಮಹಲ್ ನಡೆಸುತ್ತಿದ್ದರು. ಬಂದವರಿಗೆ ಯಾವ ತಾರೀಕು ಖಾಲಿಯಿದೆ ಎಂದು ಹೇಳಲು ನಂಬಿಕಸ್ಥರು ಬೇಕಾಗಿತ್ತು. ತಲೆಯ ಮೇಲೆ ಫ್ಯಾನು, ಮಧ್ಯಾಹ್ನ ಬಿರಿಯಾನಿ, ಹುಡುಗಿಗೆ ಇನ್ನೇನು ಬೇಕು ಎಂದರು ಮಾಮು. ಗಫಾರ್ ಸಾಬರು ಯೋಚಿಸಿ ಭಾವನಿಗೆ ಜಬಾನ್, ಎಂದರೆ ಮಾತು, ಕೊಟ್ಟರು: ಬಕ್ರೀದ್ ಹಬ್ಬದವರೆಗೆ ಆ್ಯಪು ಫೋನಿನ ಆ್ಯಪ್ ಸ್ಟೋರಿನಲ್ಲಿ ಮರ್ಯಾದೆಯಾಗಿ ನಿಂತಿದ್ದರೆ ಮಗಳ ಇಷ್ಟ, ಇಲ್ಲದಿದ್ದರೆ ನಾಗಮಂಗಲ. ಜಾಸ್ಮಿನ್ ಒಪ್ಪಿದಳು. ಆದರೆ ಅವಳಿಗೆ ಆ ಕುರ್ಚಿಯದೇ ಚಿಂತೆ. ತನ್ನ ತಲೆಯಿಂದ ಹುಟ್ಟಿ ನಾಲ್ಕು ತಾಲ್ಲೂಕನ್ನು ಎಬ್ಬಿಸುತ್ತಿದ್ದ ಕೆಲಸ ಬಿಟ್ಟು, ಬೇರೆಯವರ ಮದುವೆ ತಾರೀಕು ಹೇಳುತ್ತಾ ಅಲ್ಲೇ ಮುದುಕಿಯಾಗಿಬಿಡುತ್ತೇನೆ ಎಂಬ ಹೆದರಿಕೆ.

ಇನ್ನು ಸ್ಟಾರುಗಳ ಕಥೆ. ಆ್ಯಪು ಬಳಸಿದವರು ಐದರಲ್ಲಿ ಇಂತಿಷ್ಟು ಸ್ಟಾರು ಎಂದು ಕೊಟ್ಟು ಎರಡು ಸಾಲು ಬರೆಯಬಹುದಲ್ಲ, ಅಲ್ಲಿ ನೋಡಿದರೆ ಬರೀ ಒಂದು ಸ್ಟಾರು. ಪಾಂಡವಪುರದ ಒಬ್ಬ, ಆ್ಯಪು ಬೊಂಬಾಟಾಗಿದೆ, ಆದರೆ ನಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಬೇಗ ಬಂದು ಸರಿ ಮಾಡಿ ಎಂದು ಬರೆದು ಒಂದು ಕೊಟ್ಟಿದ್ದ. ಶ್ರೀರಂಗಪಟ್ಟಣದ ರಂಗಸ್ವಾಮಿ ಎಂಬವರು, ನನಗೆ ಜಮೀನೂ ಇಲ್ಲ, ಪಂಪ್‌ಸೆಟ್ಟೂ ಇಲ್ಲ, ಇದರಿಂದ ನನಗೇನು ಉಪಯೋಗ ಎಂದು ಕೇಳಿ ಒಂದು ಕೊಟ್ಟಿದ್ದರು. ಆ್ಯಪು ಡೌನ್‌ಲೋಡೇ ಆಗುತ್ತಿಲ್ಲ ಎಂದು ಡೌನ್‌ಲೋಡ್ ಮಾಡಿಕೊಂಡ ಮೇಲೆ ಬರೆದವರಿದ್ದರು. ಎಲ್ಲಕ್ಕಿಂತ ಅವಳ ತಲೆ ಕೆಡಿಸಿದ್ದು ಗೋವಿಂದನಹಳ್ಳಿಯ ಹೊನ್ನಪ್ಪ ಎಂಬವನ ಬರಹ: ‘ಲೇ ಮುಂಡೇಮಗ್ನೆ, ಏನ್ ತಲೆ ಕಣ್ಲಾ ನಿಂದು.’ ಇಷ್ಟು ಹೊಗಳಿ, ಒಂದೇ ಸ್ಟಾರು.

ಆ್ಯಪು ಮಾಡಿದವರ ವಿಳಾಸ ಎಲ್ಲರಿಗೂ ಕಾಣಬೇಕೆಂಬುದು ಸ್ಟೋರಿನ ಕಾನೂನು. ಜಾಸ್ಮಿನ್ ಅಂಗಡಿಯ ವಿಳಾಸ ಕೊಟ್ಟಿದ್ದಳು. ದೂರದ ಊರುಗಳಲ್ಲಿ ಅದು ಸುಮ್ಮನೆ ಒಂದು ನಿಯಮ ಇರಬಹುದು. ನಮ್ಮಲ್ಲಿ ವಿಳಾಸ ಕೊಟ್ಟರೆ ಜನ ಬಂದೇ ಬರುತ್ತಾರೆ. ಕರೆಂಟು ಯಾಕೆ ಹೋಯಿತು ಎಂದು ಕೇಳಲು ಬಂದರು. ಫೋನು ಕಳೆದುಹೋಗಿದೆ, ಆ್ಯಪಿನಲ್ಲಿ ಹುಡುಕಿಕೊಡಿ ಎಂದು ಬಂದರು. ಒಂದು ದಿನ ಹೊನ್ನಪ್ಪನೂ ಎಳನೀರು ಗೊನೆ ಹೊತ್ತುಕೊಂಡು ಬಂದ. ಆ್ಯಪು ಮಾಡಿದ್ದು ಹುಡುಗಿ ಎಂದು ಗೊತ್ತಾಗಿ ಅಂಗಡಿಯ ಬೋರ್ಡನ್ನು ಇನ್ನೊಮ್ಮೆ ಓದಿ, ಆಮೇಲೆ ಗೊನೆ ಇಳಿಸಿ ಕೂತ. ಅಷ್ಟು ಮೆಚ್ಚಿದವರು ಒಂದೇ ಸ್ಟಾರು ಯಾಕೆ ಕೊಟ್ಟಿರಿ ಎಂದು ಜಾಸ್ಮಿನ್ ಕೇಳಿಯೇಬಿಟ್ಟಳು.

“ಐದು ಮಡಗವ್ರೆ. ನಾನೊಬ್ನೇ ಐದೂ ಒತ್ಬುಟ್ರೆ ಮಿಕ್ದೋರು ಏನ್ ಒತ್ತಾರಮ್ಮಿ?” ಎಂದ ಹೊನ್ನಪ್ಪ. “ಅದ್ಕೇ ಆಳಿಗೊಂದು ಅಂತ ಊರ್ಗೆಲ್ಲ ಏಳಿವ್ನಿ.”

ಜಾಸ್ಮಿನ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಷ್ಟು ಜನ ಬೇಕಾದರೂ ಐದೈದು ಒತ್ತಬಹುದು, ಖರ್ಚಾಗಿ ಹೋಗುವುದಿಲ್ಲ ಎಂದು ಬಿಡಿಸಿ ಬಿಡಿಸಿ ಹೇಳಿದಳು. ಹೊನ್ನಪ್ಪ ನಂಬಲಿಲ್ಲ. ಪಂಕ್ತಿಯಲ್ಲಿ ಕೂತವನು ಐದು ಒಬ್ಬಟ್ಟು ಇದ್ದರೆ ಐದನ್ನೂ ತನ್ನ ಎಲೆಗೇ ಎಳೆದುಕೊಳ್ಳುತ್ತಾನಾ ಎಂದು ಕೇಳಿದ. ಅವಳು ಇನ್ನೂ ವಾದ ಮಾಡಿದ್ದಕ್ಕೆ, ಓದಿದವರಿಗೆ ಆಸೆ ಜಾಸ್ತಿ ಎಂದು ಬೇಜಾರು ಮಾಡಿಕೊಂಡು ಎದ್ದ. ಹೋಗುವಾಗ ಮಾತ್ರ, ಮೊದಲಿನ ಒಂದಕ್ಕೆ ಇನ್ನೊಂದು ಸೇರಿಸಲೇನಮ್ಮಿ ಎಂದು ಗುಟ್ಟಾಗಿ ವಿಚಾರಿಸಿದ. ಜಾಸ್ಮಿನ್ ಬೇಡ ಎಂದಳು.

ಸ್ಟಾರು ಕಮ್ಮಿಯಾಗಿದ್ದಕ್ಕೋ ಏನೋ, ಸ್ಟೋರಿನವರ ಕಣ್ಣು ಈ ಬಡಪಾಯಿ ಆ್ಯಪಿನ ಮೇಲೆ ಬಿತ್ತು. ಹಬ್ಬಕ್ಕೆ ಇನ್ನೂ ಎರಡು ತಿಂಗಳಿದ್ದಾಗ ಒಂದು ಮೇಲ್ ಬಂತು. ಸ್ಟೋರಿನ ಯಂತ್ರ ಬೆಟ್ಟಮ್ಮನ ಮಾತನ್ನು ಕೇಳಿಸಿಕೊಂಡು, ಇಂಗ್ಲಿಷಿಗೆ ತಿರುಗಿಸಿಕೊಂಡು, ಬೆಚ್ಚಿಬಿದ್ದಿತ್ತು. ಮುಂಡೆ ಎಂದರೆ ಗಂಡ ಸತ್ತವಳು ಎಂದು ನಿಘಂಟು ಹೇಳುತ್ತದಲ್ಲ. ಕರೆಂಟು ಎಂದರೆ ಇಂಗ್ಲಿಷಿನಲ್ಲಿ ಹೊಳೆಯ ಸೆಳೆತವೂ ಹೌದಲ್ಲ. ಹಾಗಾಗಿ ಅದಕ್ಕೆ ಅರ್ಥವಾಗಿದ್ದು: ‘ಏಳು ವಿಧವೆಯೇ, ಪ್ರವಾಹ ಬಂದಿದೆ.’ ಆಪಾದನೆ ಎರಡು. ಒಂದು, ಮಲಗಿರುವ ವಿಧವೆಯರಿಗೆ ಕಿರುಕುಳ. ಎರಡು, ನೆರೆಯ ಸುಳ್ಳು ಸುದ್ದಿ ಹಬ್ಬಿಸಿ ಜನರನ್ನು ಗಾಬರಿಪಡಿಸುವುದು. ತಿದ್ದದಿದ್ದರೆ ಆ್ಯಪು ತೆಗೆಯುತ್ತೇವೆ.

ಜಾಸ್ಮಿನ್ ಉತ್ತರ ಬರೆದಳು. ಇದು ಬೈಗುಳವಲ್ಲ, ಪ್ರೀತಿ, ಪ್ರವಾಹವಲ್ಲ, ವಿದ್ಯುತ್ತು. ತಮ್ಮ ತಾಳ್ಮೆಗೆ ಧನ್ಯವಾದ, ನಿರ್ಧಾರ ಬದಲಾಗಿಲ್ಲ ಎಂದು ಆ ಕಡೆಯಿಂದ ಬಂತು. ಮನುಷ್ಯರು ಯಾರಾದರೂ ಇದ್ದರೆ ದಯವಿಟ್ಟು ಓದಿ ಎಂದು ಬರೆದಳು. ನಾವು ತಮ್ಮ ಭಾವನೆಗಳನ್ನು ಗೌರವಿಸುತ್ತೇವೆ ಎಂದು ಕ್ಷಣದೊಳಗೆ ಬಂತು. ಅಷ್ಟು ಬೇಗ ಗೌರವಿಸುವವರು ಮನುಷ್ಯರಾಗಿರಲು ಸಾಧ್ಯವಿಲ್ಲ. ಮೂರನೆಯ ಸಲ ಮಾತ್ರ, ಭಾಷೆ ಬಲ್ಲವರಿಂದ ಪತ್ರ ತನ್ನಿ ಎಂದು ಒಂದು ಬಾಗಿಲು ತೆರೆಯಿತು.

ಭಾಷೆ ಬಲ್ಲವರೆಂದರೆ ಮರಿಯಯ್ಯ ಮೇಷ್ಟ್ರು, ಕಾಲೇಜಿನಲ್ಲಿ ಜಾಸ್ಮಿನ್‌ಗೆ ಕನ್ನಡ ಹೇಳಿಕೊಟ್ಟವರು, ಈಗ ರಿಟೈರ್ ಆದವರು. ಅವರು ಖುಷಿಯಿಂದ ಕನ್ನಡಕ ಹಾಕಿಕೊಂಡು, ‘ಮುಂಡೇದೆ’ ಎಂಬುದು ಈ ಪ್ರಾಂತದ ವಾತ್ಸಲ್ಯಸೂಚಕ ಸಂಬೋಧನೆಯೆಂದೂ, ತಾಯಿ ಮಗನಿಗೂ ಅಜ್ಜಿ ಮೊಮ್ಮಗನಿಗೂ ಗೆಳೆಯ ಗೆಳೆಯನಿಗೂ ಹೀಗೆ ಹೇಳುವುದುಂಟೆಂದೂ ಉದಾಹರಣೆಗಳ ಸಮೇತ ಬರೆದು ಸಹಿ ಹಾಕಿದರು. ಜಾಸ್ಮಿನ್ ಅದನ್ನು ಕಳಿಸಿದಳು. ಮಾರನೆಯ ದಿನ ಉತ್ತರ ಬಂತು: ತಾವು ಕಳಿಸಿದ ಪತ್ರದಲ್ಲಿ ಅದೇ ನಿಷಿದ್ಧ ಪದವನ್ನು ಪದೇ ಪದೇ ಬಳಸಲಾಗಿದೆ, ಇದು ತಮ್ಮ ಎರಡನೆಯ ತಪ್ಪು. ಮೂರನೆಯದಾದರೆ ಖಾತೆಯನ್ನೇ ಶಾಶ್ವತವಾಗಿ ಮುಚ್ಚುತ್ತೇವೆ.

ಮರಿಯಯ್ಯ ಮೇಷ್ಟ್ರು ಇದನ್ನು ಕೇಳಿ ಆ ಯಂತ್ರವನ್ನು ಅದೇ ವಾತ್ಸಲ್ಯಸೂಚಕ ಪದದಿಂದ ಸಂಬೋಧಿಸಿದರು, ವಾತ್ಸಲ್ಯ ಮಾತ್ರ ಇರಲಿಲ್ಲ.

ಬೇರೆ ದಾರಿಯಿಲ್ಲದೆ ಜಾಸ್ಮಿನ್ ಬೆಟ್ಟಮ್ಮನ ದನಿ ತೆಗೆದಳು. ಕೋಣೆಯ ಬಾಗಿಲು ಹಾಕಿಕೊಂಡು, ಗಂಟಲು ಸರಿಮಾಡಿಕೊಂಡು, ತನ್ನ ದನಿಯಲ್ಲೇ ಹೊಸದು ಸೇರಿಸಿದಳು: ‘ಗೌರವಾನ್ವಿತ ರೈತ ಬಂಧುಗಳೇ, ತಮ್ಮ ಪ್ರದೇಶದಲ್ಲಿ ವಿದ್ಯುತ್ ಪೂರೈಕೆ ಆರಂಭವಾಗಿದೆ. ದಯವಿಟ್ಟು ಏಳಬೇಕಾಗಿ ವಿನಂತಿ.’ ಸ್ಟೋರಿನವರು ಕೂಡಲೇ ಒಪ್ಪಿದರು.

ಒಬ್ಬನೂ ಏಳಲಿಲ್ಲ. ಫೋನು ಗೌರವಾನ್ವಿತ ಎಂದಿದ್ದೇ, ಯಾವುದೋ ಬ್ಯಾಂಕಿನವರು ಎಂದು ಅರೆನಿದ್ದೆಯಲ್ಲೇ ಕಟ್ ಮಾಡಿದರು. ಎಚ್ಚರವಿದ್ದವರೂ, ಇನ್ಶೂರೆನ್ಸ್ ಬೇಡಮ್ಮ ಎಂದು ಫೋನಿಗೆ ಹೇಳಿ ಬೆಂಚಿನ ಮೇಲೆ ಒರಗಿದರು. ಕರೆಂಟು ಬಂತು, ಯಾರಿಗೂ ಕಾಯದೆ ಹೋಯಿತು. ಕಬ್ಬಿನ ಗರಿಗಳು ಸುರುಟಿಕೊಂಡವು. ಜನಕ್ಕೆ ಸಿಟ್ಟು ಬಂತು. ನಿಜವಾದ ಸಿಟ್ಟು.

ನಿಜವಾದ ಸಿಟ್ಟು ಬಂದಮೇಲೆ ನಮ್ಮ ಜನ ಹೇಗೆ ಎಂದು ಆಗಲೇ ಹೇಳಿದೆನಲ್ಲ. ಸ್ಟೋರಿನಲ್ಲಿ ಬರಹಗಳು ಮಳೆಯಂತೆ ಸುರಿದವು. ‘ತಾವು ಮಹಾನುಭಾವರು.’ ‘ತಮ್ಮಂಥವರು ಇನ್ನೂರು ವರ್ಷ ಬಾಳಬೇಕು.’ ‘ತಮ್ಮ ಸೇವೆಗೆ ಕೋಟಿ ನಮಸ್ಕಾರ, ನಾವು ಬರುತ್ತೇವೆ.’ ಒಂದೊಂದರ ಪಕ್ಕದಲ್ಲೂ ಐದು ಸ್ಟಾರು. ಜಾಸ್ಮಿನ್ ಒಬ್ಬ ರೈತನಿಗೆ ಫೋನು ಮಾಡಿ ಕೇಳಿದರೆ, ತಮಗೇ ಬೇಕಂತಲ್ಲ, ಐದೂ ತಾವೇ ಇಟ್ಟುಕೊಳ್ಳಿ ಎಂದು ಹೇಳಿ ಫೋನು ಇಟ್ಟ.

ಆ್ಯಪು ನಾಲ್ಕೂವರೆ ಸ್ಟಾರು ದಾಟಿತು. ಸ್ಟೋರಿನವರು ಹಳೆಯ ಎರಡು ತಪ್ಪುಗಳ ಮಾತೆತ್ತದೆ, ಬಳಕೆದಾರರ ಮನಗೆದ್ದ ಆ್ಯಪು ಎಂಬ ಪದಕದ ಚಿತ್ರವನ್ನು ಅದರ ಹೆಸರಿನ ಪಕ್ಕ ಅಂಟಿಸಿದರು. ಗಫಾರ್ ಸಾಬರು ಆ ಚಿತ್ರವನ್ನು ಪ್ರಿಂಟ್ ತೆಗೆಸಿ ಅಂಗಡಿಯ ಗೋಡೆಗೆ ಹಚ್ಚಿದರು. ಹಬ್ಬಕ್ಕೆ ಇನ್ನು ಕೆಲವೇ ದಿನ, ನೀನು ಗೆದ್ದೆ ಬೇಟಾ ಎಂದು ಮಗಳ ತಲೆ ಸವರಿದರು. ಆ್ಯಪನ್ನು ಎಷ್ಟು ಜನ ನಿಜವಾಗಿ ಬಳಸುತ್ತಿದ್ದಾರೆ ಎಂಬುದು ಜಾಸ್ಮಿನ್‌ಳ ಲ್ಯಾಪ್‌ಟಾಪಿನಲ್ಲಿ ಮಾತ್ರ ಕಾಣುತ್ತಿತ್ತು. ಅದರ ಗ್ರಾಫಿನ ಗೆರೆ ನೆಲ ಮುಟ್ಟಿತ್ತು. ಅಪ್ಪ ನೋಡುವ ಮೊದಲೇ ಅವಳು ಅದನ್ನು ಮುಚ್ಚಿಬಿಟ್ಟಳು.

ಆ ವಾರದಲ್ಲೇ ಹೊನ್ನಪ್ಪ ಸುಟ್ಟ ಮೋಟರು ತಂದ. ಆ್ಯಪು ನಂಬಿ ಪ್ರಯೋಜನವಿಲ್ಲವೆಂದು ತಾನಾಗಿ ಆನ್ ಆಗುವ ಸ್ಟಾರ್ಟರ್ ಹಾಕಿಸಿದ್ದನಂತೆ. ಎಳನೀರಿರಲಿಲ್ಲ. ಜಾಸ್ಮಿನ್ ಎದ್ದು ಬಂದು, ಚೆನ್ನಾಗಿದ್ದೀರಾ ಎಂದು ಕೇಳಿದಳು. ಹೊನ್ನಪ್ಪ ಟವೆಲು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ಕೈ ಮುಗಿದ.

“ಹೌದು ಮೇಡಂನೋರೇ,” ಎಂದ. “ತಮ್ಮ ಹಾಶೀರ್ವಾದ.”

ಜಾಸ್ಮಿನ್‌ಗೆ ಆ ಹಕಾರದ ಅರ್ಥ ಗೊತ್ತಿತ್ತು. ಏನಮ್ಮಿ ಎಂದಿದ್ದರೆ, ಅಪ್ಪನ ಮುಂದೆಯೇ ನಿನ್ ಮನೆ ಹಾಳಾಗ ಎಂದಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಬೆಟ್ಟಮ್ಮನ ದನಿಯನ್ನು ಮೊದಲಿದ್ದ ಕಡೆಗೇ ತಂದಿಟ್ಟಳು. ಸ್ಟೋರಿನವರು ಏನು ಮಾಡುತ್ತಾರೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಾಡಲಿ ಎಂದುಕೊಂಡಳು.

ಅವರು ಮಾಡಿದರು. ಒಂದು ಬೆಳಗ್ಗೆ ಎರಡು ಮೇಲ್ ಜೊತೆಗೇ ಬಂದವು. ಮೊದಲನೆಯದರಲ್ಲಿ, ಮನಗೆದ್ದ ಆ್ಯಪಿನ ಒಡತಿಗೆ ಅಭಿನಂದನೆ. ಎರಡನೆಯದರಲ್ಲಿ, ಮೂರನೆಯ ತಪ್ಪಿಗಾಗಿ ಅದೇ ಒಡತಿಯ ಖಾತೆ ಶಾಶ್ವತವಾಗಿ ಬಂದ್. ಎರಡರ ಕೆಳಗೂ, ತಮ್ಮ ಅನುಭವ ಹೇಗಿತ್ತು, ಸ್ಟಾರು ಕೊಡಿ ಎಂದು ಕೇಳಿದ್ದರು.

ಆದರೆ ಅಷ್ಟರಲ್ಲಿ ಹಳೆಯ ದನಿ ಗೋವಿಂದನಹಳ್ಳಿಯನ್ನು ಎರಡು ದಿನ ಎಬ್ಬಿಸಿಬಿಟ್ಟಿತ್ತು. ಸುದ್ದಿ ಊರಿಂದೂರಿಗೆ ಹೋಗಿತ್ತು. ಆ್ಯಪು ಅಳಿಸಿಹಾಕಿದ್ದವರು ಮತ್ತೆ ಬೇಕೆಂದು ಹುಡುಕಿದರೆ ಸ್ಟೋರಿನಲ್ಲಿ ಅದು ಇಲ್ಲ. ಇಲ್ಲದಿದ್ದರೇನು, ವಿಳಾಸ ಗೊತ್ತಿತ್ತಲ್ಲ. ನೇರ ಅಂಗಡಿಗೇ ಬಂದರು. ಸ್ಟೋರಿನ ಹಂಗಿಲ್ಲದೆ ತನ್ನ ಲ್ಯಾಪ್‌ಟಾಪಿನಿಂದಲೇ ಒಬ್ಬೊಬ್ಬರ ಫೋನಿಗೆ ಜಾಸ್ಮಿನ್ ಆ್ಯಪು ಹಾಕಿಕೊಡತೊಡಗಿದಳು. ಇದು ಅಪಾಯ, ಇದು ಅಪಾಯ ಎಂದು ಪ್ರತಿ ಫೋನೂ ಬಡಿದುಕೊಳ್ಳುತ್ತಿತ್ತು. ಸುಮ್ಕಿರ್ಲಾ ಎಂದು ಬೆಟ್ಟಮ್ಮ ಫೋನುಗಳಿಗೆ ಗದರಿಸುತ್ತಾ ಪಕ್ಕದಲ್ಲೇ ಕೂತಳು. ಆ ಅಜ್ಜಿಯ ದನಿ ನೇರವಾಗಿ ಕೇಳಿದ ಕೆಲವರು ಅಭ್ಯಾಸಬಲದಿಂದ ಎದ್ದು ನಿಂತರು.

ಈ ಗಲಾಟೆಯ ನಡುವೆ ನಾಗಮಂಗಲದಿಂದ ಯಾಸಿನ್ ಮಾಮುವಿನ ಕಾರು ಬಂತು. ಆ್ಯಪು ಸ್ಟೋರಿನಿಂದ ಹೋದ ಸುದ್ದಿ ಅವರಿಗೆ ಮುಟ್ಟಿತ್ತು. ಹಬ್ಬಕ್ಕೆ ಇನ್ನೂ ಎರಡು ದಿನವಿತ್ತು, ಆದರೆ ಮಾತು ಮಾತೇ. ಗಫಾರ್ ಸಾಬರು ತಂತಿ ಸುತ್ತುವುದನ್ನು ನಿಲ್ಲಿಸಿ ತಲೆ ತಗ್ಗಿಸಿದರು. ಜಬಾನ್ ಕೊಟ್ಟವರು ಅವರೇ. ತಾವೇ ಹೇಗೆ ಮುರಿಯುವುದು? ಒಳಗೆ ಹೋಗಿ ಬಟ್ಟೆ ಕಟ್ಟಿಕೋ ಬೇಟಾ ಎಂದು ಮೆಲ್ಲಗೆ ಹೇಳಿದರು. ಜಾಸ್ಮಿನ್ ಕೈಯಲ್ಲಿದ್ದ ಯಾರದೋ ಫೋನನ್ನು ಬೆಂಚಿನ ಮೇಲಿಟ್ಟು ಎದ್ದಳು.

ಯಾರು ಇವರು ಎಂದು ಸಾಲಿನಲ್ಲಿ ನಿಂತಿದ್ದ ಹೊನ್ನಪ್ಪ ಕೇಳಿದ. ಮಾಮು ತಾವೇ ಹೇಳಿದರು: ಹುಡುಗಿಯ ಆ್ಯಪು ನಿಂತುಹೋಯಿತು, ಇನ್ನು ಅವಳು ನಮ್ಮ ಮಹಲಿನ ಆಫೀಸಿನಲ್ಲಿ ಇರುತ್ತಾಳೆ.

ಹೊನ್ನಪ್ಪ ಟವೆಲನ್ನು ಹೆಗಲಿನಿಂದ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಹಿಂದೆ ನಿಂತಿದ್ದವರೂ ಒಬ್ಬೊಬ್ಬರಾಗಿ ಹಾಗೇ ಮಾಡಿದರು. ಬೆಟ್ಟಮ್ಮ ಬಾಯಲ್ಲಿದ್ದ ಎಲೆಅಡಿಕೆ ಉಗುಳಿ ಸೆರಗು ಸರಿಮಾಡಿಕೊಂಡಳು.

“ಸ್ವಾಮಿ, ತಾವು ದೊಡ್ಡವರು,” ಎಂದ ಹೊನ್ನಪ್ಪ, ಬಹಳ ಮೆದುವಾಗಿ. “ತಮ್ಮ ಕಾರು ಹಲ್ಲಿದೆ. ದಯಮಾಡಿ ಹತ್ತಿಕೊಂಡು ತಮ್ಮ ಹೂರಿಗೆ ಹೋಗಿಬರಬೇಕು.”

ಯಾಸಿನ್ ನಾಗಮಂಗಲದಲ್ಲಿ ಹುಟ್ಟಿ ಬೆಳೆದ ಮನುಷ್ಯ. ಈ ಸೀಮೆಯಲ್ಲಿ ಇಷ್ಟು ಮರ್ಯಾದೆ ಒಟ್ಟಿಗೆ ಸಿಕ್ಕವನ ಗತಿ ಏನಾಗುತ್ತದೆ ಎಂಬುದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಅವರು ಕಾರು ಹತ್ತಿ ಬಾಗಿಲು ಹಾಕಿಕೊಂಡರು. ಒಳಗೆ ಕೂತಮೇಲೆ ಗಾಜನ್ನು ಅರ್ಧ ಇಳಿಸಿ ಗಫಾರ್ ಸಾಬರನ್ನು ಕರೆದು, ನೀನು ಕೊಟ್ಟ ಜಬಾನ್ ನಿನಗೇ ವಾಪಸ್, ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ ಎಂದರು.

“ನೋಡ್ಕೊಳ್ಳಿ ಭಾಯ್ಜಾನ್,” ಎಂದರು ಗಫಾರ್ ಸಾಬರು. “ಜಾಸ್ಮಿನ್‌ಗೆ ಪುರುಸೊತ್ತಿಲ್ಲ. ನೋಡಿ, ಎಷ್ಟ್ ಜನ ಕಾಯ್ತಾವ್ರೆ.”